ಆ ಪುಸ್ತಕವನ್ನು ಯಾರು ಓದಬೇಕು? ರಿನೈಸಾನ್ಸ್ ಧಾರ್ಮಿಕ ಚಿತ್ರಗಳಲ್ಲಿ ಗ್ರಂಥ ಮತ್ತು ಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಹೆಚ್ಚಾಗಿ ರಿನೈಸಾನ್ಸ್ ಕಾಲದಲ್ಲಿ, ಎಂದರೆ ಸುಮಾರು 1400ರಿಂದ 1550ರ ನಡುವೆ, ಇಟಲಿ, ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆ) ಮತ್ತು ಜರ್ಮನ್ ನಾಡುಗಳಲ್ಲಿ ಆದ ಕ್ರೈಸ್ತ ಚಿತ್ರಗಳಿಗೆ ಸಂಬಂಧಿಸಿದವು. ಬೇರು ತೋರಿಸಬೇಕಾದ ಕಡೆ ಮಾತ್ರ ಇನ್ನೂ ಹಿಂದಕ್ಕೆ ಹೋಗಿದ್ದೇವೆ.

ಚಿತ್ರದಲ್ಲಿ ಪುಸ್ತಕವೋ ಬರಹವೋ ಕಂಡರೆ ಎಲ್ಲಿಂದ ಶುರು ಮಾಡಬೇಕು?

"ಏನು ಬರೆದಿದೆ" ಎಂದು ಕೇಳುವ ಮೊದಲು "ಯಾರು ಓದಲೆಂದು ಬರೆದಿದೆ" ಎಂದು ಕೇಳಿ. ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಬರಹ ಚಿತ್ರದೊಳಗಿನ ವ್ಯಕ್ತಿಗಾಗಿ ಇರಬಹುದು, ಮೇಲಿರುವ ದೇವರಿಗಾಗಿ ಇರಬಹುದು, ಚಿತ್ರದ ಮುಂದೆ ನಿಂತ ನಿಮಗಾಗಿಯೇ ಇರಬಹುದು. ಯಾರೂ ಓದಬೇಕಾಗಿಲ್ಲದ ಬರಹವೂ ಉಂಟು. ಅಕ್ಷರದ ದಿಕ್ಕು, ಗಾತ್ರ, ಪುಟ ವಾಲಿರುವ ಕಡೆ, ಭಾಷೆ ಇವೆಲ್ಲ ಈ ಒಂದು ಪ್ರಶ್ನೆಯಿಂದ ಹೊರಡುತ್ತವೆ. ಲ್ಯಾಟಿನ್ ಬಾರದಿದ್ದರೂ ಇಷ್ಟನ್ನು ಯಾರು ಬೇಕಾದರೂ ನೋಡಬಹುದು.

ಮಂಗಳವಾರ್ತೆಯ ಚಿತ್ರಗಳಲ್ಲಿ ಮಾತೆ ಮರಿಯ ಪುಸ್ತಕ ಹಿಡಿದಿರುತ್ತಾರಲ್ಲ, ಬೈಬಲಿನಲ್ಲಿ ಹಾಗಿದೆಯೇ?

ಇಲ್ಲ. ಮಂಗಳವಾರ್ತೆ ಎಂದರೆ ಯೇಸುವನ್ನು ಹೆರುವೆ ಎಂದು ದೇವದೂತ ಕನ್ಯೆ ಮರಿಯಳಿಗೆ ತಿಳಿಸುವ ಸಂದರ್ಭ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಗಬ್ರಿಯೇಲ ದೂತ ಬರುತ್ತಾನೆ, ಮಾತಾಡುತ್ತಾನೆ, ಹೋಗುತ್ತಾನೆ. ಆಕೆ ಆಗ ಏನು ಮಾಡುತ್ತಿದ್ದಳೆಂದು ಅಲ್ಲಿ ಒಂದು ಮಾತೂ ಇಲ್ಲ. ಬೈಬಲಿಗೆ ಸೇರದ ಹಳೆಯ ಕಥನಗಳಲ್ಲಿ ಆಕೆ ದೇವಾಲಯದ ಪರದೆಗಾಗಿ ನೂಲು ತೆಗೆಯುತ್ತಿರುತ್ತಾಳೆ. ಬೈಜಾಂಟಿಯಂ ಸಂಪ್ರದಾಯದ ಚಿತ್ರಗಳಲ್ಲಿ ಕೈಯಲ್ಲಿ ನೂಲು, ಕದಿರು ಕಾಣುವುದು ಅದಕ್ಕೇ. ಪಶ್ಚಿಮ ಯುರೋಪಿನಲ್ಲಿ 9ನೇ ಶತಮಾನದ ಹೊತ್ತಿಗೆ ಆ ಜಾಗಕ್ಕೆ ಪುಸ್ತಕ ಬರತೊಡಗಿತು. ಮುಂದೆ ಅದು ಎಷ್ಟು ರೂಢಿಯಾಯಿತೆಂದರೆ ಪುಸ್ತಕವಿಲ್ಲದ ಮಂಗಳವಾರ್ತೆಯೇ ವಿಶೇಷವೆನಿಸುತ್ತದೆ.

ಆಕೆ ಓದುತ್ತಿರುವುದು ಯಾವ ಪುಸ್ತಕ ಎಂಬುದಕ್ಕೆ ರೂಢಿಯ ಉತ್ತರ ಪ್ರವಾದಿ ಯೆಶಾಯನ ಗ್ರಂಥ. ಕನ್ಯೆಯೊಬ್ಬಳು ಗರ್ಭಿಣಿಯಾಗಿ ಮಗನನ್ನು ಹೆರುವಳು ಎಂಬ 7:14ನೇ ವಚನ ಅದರಲ್ಲಿದೆ. ಭವಿಷ್ಯವಾಣಿಯನ್ನು ಓದುತ್ತಿರುವಾಗಲೇ ಅದು ಓದುವವಳ ಮೇಲೆಯೇ ನಿಜವಾಗುತ್ತದೆ. ಕೆಲವರು ಇದನ್ನು ಊಹೆಗೆ ಬಿಡುವುದಿಲ್ಲ. ಮಟಿಯಾಸ್ ಗ್ರೂನೆವಾಲ್ಡ್ ಸುಮಾರು 1512ರಿಂದ 1516ರಲ್ಲಿ ಮಾಡಿದ ಐಸೆನ್‌ಹೈಮ್ ಪೀಠಚಿತ್ರದಲ್ಲಿ (ಚರ್ಚಿನ ಬಲಿಪೀಠಕ್ಕಾಗಿ ಮಾಡಿದ ಚಿತ್ರ, ಈಗ ಫ್ರಾನ್ಸಿನ ಕೊಲ್ಮಾರ್‌ನಲ್ಲಿದೆ) ಆ ವಚನ ತೆರೆದ ಪುಟದಲ್ಲಿ ಓದಲು ಬರುವಂತಿದೆ, ಮೇಲೆ ಕಮಾನಿನ ಮೂಲೆಯಲ್ಲಿ ಯೆಶಾಯನೂ ಇದ್ದಾನೆ.

ಇನ್ನೊಂದು ಅರ್ಥವೂ ಇದೆ. ಯೋವಾನ್ನನ ಸುವಾರ್ತೆಯಲ್ಲಿ ಕ್ರಿಸ್ತನೇ "ವಾಕ್ಯ", ಆ ವಾಕ್ಯ ಮಾಂಸವಾಯಿತು. ಆ ಕಾಲದ ಪುಸ್ತಕವೋ ಚರ್ಮಪತ್ರದ್ದು, ಎಂದರೆ ಹದ ಮಾಡಿದ ಕರು, ಕುರಿ, ಮೇಕೆಯ ಚರ್ಮದ ಮೇಲೆ ಬರೆದದ್ದು. ಚರ್ಮದ ಮೇಲೆ ವಾಕ್ಯ ಮೂಡುವುದನ್ನೂ ಒಡಲಲ್ಲಿ ವಾಕ್ಯ ಮೂಡುವುದನ್ನೂ ಜೋಡಿಸಿ ಹೇಳುವ ರೂಢಿ ಮಧ್ಯಯುಗದ ಉಪದೇಶಗಳಲ್ಲಿತ್ತು.

ಒಂದನೇ ಶತಮಾನದ ನಜರೇತಿನಲ್ಲಿ ಹೊಲಿದು ರಟ್ಟು ಹಾಕಿದ ಪುಸ್ತಕ ಎಲ್ಲಿಂದ ಬಂತು?

ಬರಲು ಸಾಧ್ಯವಿರಲಿಲ್ಲ, ಯೆಹೂದಿ ಧರ್ಮಗ್ರಂಥಗಳು ಆಗ ಸುರುಳಿಯಲ್ಲಿದ್ದವು. ಚಿತ್ರಕಾರನಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ಚಿತ್ರ ಕೊಂಡವರ ಮನೆಯಲ್ಲಿದ್ದ ಕೈಯಗಲದ ಪ್ರಾರ್ಥನಾ ಪುಸ್ತಕವನ್ನೇ ಮರಿಯಳ ಕೈಗೆ ಕೊಟ್ಟರೆ, ನೋಡುವ ಹೆಂಗಸು ತನ್ನ ನಿತ್ಯದ ಓದನ್ನು ಆಕೆಯ ಓದಿನ ಪಕ್ಕ ಇಟ್ಟುಕೊಳ್ಳುತ್ತಾಳೆ. ಫ್ಲಾಂಡರ್ಸ್ ಚಿತ್ರಗಳಲ್ಲಂತೂ ಪುಸ್ತಕಕ್ಕೆ ಸುತ್ತಿದ ಬಟ್ಟೆಯ ಹೊದಿಕೆ, ಹಿತ್ತಾಳೆ ಕೊಂಡಿ, ಕೆಂಪು ಶೀರ್ಷಿಕೆ, ನೀಲಿ ಮೊದಲಕ್ಷರ ಎಲ್ಲವೂ ಆ ಕಾಲದ ನಿಜವಾದ ಪುಸ್ತಕದ್ದೇ.

ಕೆಲವು ಚಿತ್ರಗಳಲ್ಲಿ ಅಕ್ಷರ ತಲೆಕೆಳಗಾಗಿರುತ್ತದೆ. ತಪ್ಪಾಗಿ ಬರೆದದ್ದೇ?

ಅಲ್ಲ. ಮೊದಲ ಪ್ರಶ್ನೆಗೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಯಾನ್ ವ್ಯಾನ್ ಐಕ್ ಸುಮಾರು 1434–36ರಲ್ಲಿ ಮಾಡಿದ ಮಂಗಳವಾರ್ತೆ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎಡಗಡೆ ನಿಂತ ಗಬ್ರಿಯೇಲನ ಬಾಯಿಂದ "ಆವೆ ಗ್ರಾತ್ಸಿಯಾ ಪ್ಲೇನಾ" (ವರಪ್ರಸಾದ ಪೂರ್ಣಳೇ, ನಮೋ) ಎಂಬ ಚಿನ್ನದ ಅಕ್ಷರಗಳು ನೇರವಾಗಿ, ಎಡದಿಂದ ಬಲಕ್ಕೆ ಹೊರಡುತ್ತವೆ. ಮರಿಯಳ ಉತ್ತರ "ಎಕ್ಕೆ ಆಂಕಿಲ್ಲಾ ದೋಮಿನಿ" (ಇಗೋ, ನಾನು ಕರ್ತನ ದಾಸಿ) ಬಲದಿಂದ ಎಡಕ್ಕೆ, ತಲೆಕೆಳಗಾಗಿ ಸಾಗುತ್ತದೆ. ಆ ಉತ್ತರ ದೂತನಿಗಲ್ಲ, ನಮಗೂ ಅಲ್ಲ. ಮೇಲಿನಿಂದ ನೋಡುವ ದೇವರಿಗೆ ಅದು ನೆಟ್ಟಗೆ ಕಾಣುತ್ತದೆ. ಅವನೇ 1432ರಲ್ಲಿ ಮುಗಿಸಿದ ಗೆಂಟ್ ಪೀಠಚಿತ್ರದ ಹೊರಬಾಗಿಲುಗಳ ಮೇಲೂ ಇದೇ ಉಪಾಯವಿದೆ.

ಇಟಲಿಯ ಕೊರ್ತೋನಾದಲ್ಲಿರುವ ಫ್ರಾ ಆಂಜೆಲಿಕೊನ ಮಂಗಳವಾರ್ತೆಯಲ್ಲಿ (ಸುಮಾರು 1433–34) ಮೂರು ಸಾಲುಗಳಿವೆ. ಮೇಲಿನದು, ಕೆಳಗಿನದು ದೂತನ ಮಾತು. ನಡುವಿನದು ಮರಿಯಳದು, ತಲೆಕೆಳಗು. ಅವಳ ಸಾಲಿನ ನಡುಭಾಗ ಕಾಣುವುದಿಲ್ಲ. "ನಿನ್ನ ಮಾತಿನಂತೆ ನನಗಾಗಲಿ" ಎಂಬುದರ "ಫಿಯಾತ್ ಮಿಹಿ ಸೆಕುಂದುಂ" ಎಂಬ ಪದಗಳು ಕಂಬದ ಹಿಂದೆ ಹೋಗಿಬಿಟ್ಟಿವೆ. ಮಾತು ನಿಜವಾದ ವಸ್ತುವಿನಂತೆ ಕಂಬದ ಹಿಂದೆ ಹಾದುಹೋಗುತ್ತದೆ!

ಓದಬೇಕಾದರೆ ಫೋನಿನ ಆಟೋ ರೊಟೇಟ್ ನಿಲ್ಲಿಸಿ, ಫೋನನ್ನು ಅರ್ಧ ಸುತ್ತು ತಿರುಗಿಸಿ. ಅಷ್ಟು ಸಾಕು, ಸಾಲು ಎಡದಿಂದ ಬಲಕ್ಕೆ ನೇರವಾಗುತ್ತದೆ. ಕನ್ನಡಿಬಿಂಬ ಮಾಡುವ ಆ್ಯಪ್ ಬಳಸಿದರೆ ಅಕ್ಷರ ಇನ್ನಷ್ಟು ಕೆಡುತ್ತದೆ. ಇದು ಕನ್ನಡಿ ಬರಹವಲ್ಲ.

ಚಿನ್ನದ ಅಕ್ಷರಗಳನ್ನು ಹೇಗೆ ಮಾಡುತ್ತಿದ್ದರು? ಕೆಲವು ಕಡೆ ಏಕೆ ಅಳಿಸಿಹೋಗಿವೆ?

ಮೂರು ವಿಧಾನ ಗೊತ್ತಿದ್ದರೆ ಸಾಕು.

ಒಂದು, ಉಬ್ಬಕ್ಷರ. ಸುಟ್ಟ ಜಿಪ್ಸಂ ಪುಡಿಯನ್ನು ನೀರಿನಲ್ಲಿ ವಾರಗಟ್ಟಲೆ ಕಲಕುತ್ತ ನೆನೆಸಿ, ಅದು ಗಟ್ಟಿಕಟ್ಟುವ ಗುಣ ಕಳೆದ ಮೇಲೆ ಅರೆದು, ಚರ್ಮದಿಂದ ಕಾಯಿಸಿದ ಅಂಟಿನಲ್ಲಿ ಕಲಸುತ್ತಾರೆ. ಇದೇ ಗೆಸ್ಸೊ. ಕುಂಚದ ತುದಿಯಿಂದ ಪದರ ಪದರವಾಗಿ ಇಳಿಸಿ ಅಕ್ಷರವನ್ನು ಎಬ್ಬಿಸಿ, ಮೇಲೆ ಬೋಲ್ ಎಂಬ ಕೆಮ್ಮಣ್ಣಿನ ಲೇಪ ಕೊಟ್ಟು, ಚಿನ್ನದ ಹಾಳೆ ಕೂರಿಸಿ, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಾರೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಚಿನ್ನದ ಕೆಳಗಿನ ಗೆಸ್ಸೊ ಉಬ್ಬನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಮಗ್ರಿ ಬೇರೆ, ತತ್ವ ಒಂದೇ. ಫ್ಲಾರೆನ್ಸಿನ ಉಫಿತ್ಸಿ ಸಂಗ್ರಹಾಲಯದಲ್ಲಿರುವ, ಸಿಮೋನೆ ಮಾರ್ತೀನಿ ಮತ್ತು ಲಿಪ್ಪೊ ಮೆಮ್ಮಿ 1333ರಲ್ಲಿ ಮಾಡಿದ ಮಂಗಳವಾರ್ತೆಯಲ್ಲಿ ದೂತನ ಬಾಯಿಂದ ಮರಿಯಳ ಕಿವಿಯ ಕಡೆಗೆ ಹೋಗುವ ಪದಗಳು ಹೀಗೆ ಉಬ್ಬಿವೆ. ಬಲಗಡೆಯಿಂದಲೋ ಎಡಗಡೆಯಿಂದಲೋ ಬೆಳಕು ಬಿದ್ದಾಗ ಅವು ಎದ್ದು ಕಾಣುತ್ತವೆ, ನೇರ ಬೆಳಕಿನ ಫೋಟೊದಲ್ಲಿ ಹಿನ್ನೆಲೆಯ ಚಿನ್ನದಲ್ಲಿ ಕರಗುತ್ತವೆ.

ಎರಡು, ಎಣ್ಣೆಯಂಟಿನ ಚಿನ್ನ. ಬಣ್ಣ ಒಣಗಿದ ಮೇಲೆ ಎಣ್ಣೆಯಂಟಿನಲ್ಲಿ ಅಕ್ಷರ ಬರೆದು, ಅದು ಅರೆ ಒಣಗಿ ಕೈಗೆ ಅಂಟುವ ಹದಕ್ಕೆ ಬಂದಾಗ ಚಿನ್ನದ ಹಾಳೆ ಹಾಕಿ, ಉಳಿದದ್ದನ್ನು ಮೃದು ಕುಂಚದಿಂದ ಒರೆಸುವುದು. ಬೇಗ ಹಾಕಿದರೆ ಹಾಳೆ ಮುಳುಗಿ ಹೊಳಪು ಹೋಗುತ್ತದೆ, ತಡವಾದರೆ ಹಿಡಿಯುವುದೇ ಇಲ್ಲ.

ಮೂರು, ಪುಡಿಚಿನ್ನ. ಚಿನ್ನದ ಪುಡಿಯನ್ನು ಗೋಂದು ಅಥವಾ ಮೊಟ್ಟೆಯ ಬಿಳಿಯಲ್ಲಿ ಕಲಸಿ ಬಣ್ಣದಂತೆ ಬರೆಯುವುದು. ಕಪ್ಪೆಚಿಪ್ಪಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಾರಣ ಚಿಪ್ಪಿನ ಚಿನ್ನವೆಂದೂ ಹೆಸರು. ಇದೇ ಎಲ್ಲಕ್ಕಿಂತ ಬೇಗ ಅಳಿಸುವುದು: ಹಳೆಯ ವಾರ್ನಿಷ್ ತೆಗೆಯುವವರ ಒದ್ದೆ ಬಟ್ಟೆಗೇ ಹೊರಟುಹೋಗುತ್ತದೆ. ಪ್ರಭಾವಳಿಯಲ್ಲೋ ಬಟ್ಟೆಯ ಅಂಚಿನಲ್ಲೋ ಅರ್ಧಂಬರ್ಧ ಅಕ್ಷರ ಕಂಡರೆ ಚಿತ್ರಕಾರ ಬಿಟ್ಟದ್ದೆಂದು ತೀರ್ಮಾನಿಸಬೇಡಿ. ಚಿನ್ನದ ನಡುವೆ ಕೆಂಪು ಇಣುಕಿದರೆ ಅದು ಸವೆದು ಹೊರಬಿದ್ದ ಬೋಲ್.

ಸುರುಳಿಗೂ ಪುಸ್ತಕಕ್ಕೂ ಅರ್ಥದಲ್ಲಿ ವ್ಯತ್ಯಾಸವಿದೆಯೇ?

ಸಾಮಾನ್ಯವಾಗಿ ಹಳೆ ಒಡಂಬಡಿಕೆಯ ಪ್ರವಾದಿಗಳಿಗೆ ಸುರುಳಿ, ಅಪೊಸ್ತಲರು (ಯೇಸುವಿನ ಸಂದೇಶ ಸಾರಿದ ಶಿಷ್ಯರು) ಮತ್ತು ಸುವಾರ್ತೆಗಾರರಿಗೆ ಪುಸ್ತಕ. ಸುರುಳಿಯಲ್ಲಿ ಒಂದಿಷ್ಟು ಬಿಚ್ಚಿದರೆ ಉಳಿದದ್ದು ಒಳಗೇ ಇರುತ್ತದೆ. ಪ್ರವಾದನೆಗೆ ಅದು ಒಪ್ಪುತ್ತದೆ. ಸ್ನಾನಿಕ ಯೋವಾನ್ನನ ಕೋಲಿಗೆ ಸುತ್ತಿದ ಪಟ್ಟಿಯ ಮೇಲೆ "ಎಕ್ಕೆ ಆಗ್ನುಸ್ ದೇಯಿ" (ಇಗೋ, ದೇವರ ಕುರಿಮರಿ) ಎಂದಿರುವುದು ಬಹಳ ಸಾಮಾನ್ಯ.

ಆದರೆ ಇದನ್ನು ಕಾನೂನಿನಂತೆ ಹಿಡಿಯಬೇಡಿ. ಗೆಂಟ್ ಪೀಠಚಿತ್ರದಲ್ಲಿ ಸ್ನಾನಿಕ ಯೋವಾನ್ನನ ತೊಡೆಯ ಮೇಲೆ ದಪ್ಪ ಪುಸ್ತಕವಿದೆ, "ಕೊನ್ಸೊಲಾಮಿನಿ" (ಸಂತೈಸಿರಿ) ಎಂಬ ಯೆಶಾಯ 40:1ರ ಮೊದಲ ಪದ ಅದರಲ್ಲಿ ಕಾಣುತ್ತದೆ. ಜರ್ಮನ್ ಚಿತ್ರಕಾರ ಡ್ಯೂರರ್ ಸುವಾರ್ತೆಗಾರ ಮಾರ್ಕನಿಗೇ ಸುರುಳಿ ಕೊಟ್ಟಿದ್ದಾನೆ. ಸಿಸ್ಟೀನ್ ಚಾಪೆಲ್‌ನ ಛಾವಣಿಯಲ್ಲಿ (1508–12) ಮೈಕೆಲೆಂಜೆಲೊ ಏಳು ಪ್ರವಾದಿಗಳು, ಪ್ರಾಚೀನ ಕಾಲಜ್ಞಾನಿ ಸ್ತ್ರೀಯರಾದ ಐವರು ಸಿಬಿಲ್‌ಗಳ ನಡುವೆ ಎರಡನ್ನೂ ಬೆರೆಸಿದ್ದಾನೆ. ಯೋನನ ಬಳಿ ಮಾತ್ರ ಪುಸ್ತಕವೂ ಇಲ್ಲ, ಸುರುಳಿಯೂ ಇಲ್ಲ. ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು ಬಂದ ಅವನ ಮೈಯೇ ಪ್ರವಾದನೆ ಎಂದು ಓದಿದರೆ ತಪ್ಪಾಗಲಾರದು.

ಗಾಳಿಯಲ್ಲಿ ತೇಲುವ ಪಟ್ಟಿ ಸುರುಳಿಯಲ್ಲ, ಆಡಿದ ಮಾತು. ಕಾಮಿಕ್ಸಿನ ಮಾತಿನ ಗುಳ್ಳೆಯ ಅಜ್ಜ ಎನ್ನಿ.

ತೆರೆದ ಪುಸ್ತಕ, ಮುಚ್ಚಿದ ಪುಸ್ತಕ, ನಡುವೆ ಬೆರಳಿಟ್ಟ ಪುಸ್ತಕ: ಇವಕ್ಕೆ ಬೇರೆ ಬೇರೆ ಅರ್ಥವೇ?

ಬೆರಳಿಟ್ಟದ್ದೇ ಇವುಗಳಲ್ಲಿ ಸೊಗಸು. ಓದು ನಡುವೆ ನಿಂತಿದೆ, ಓದುಗ ಮತ್ತೆ ಅಲ್ಲಿಗೇ ಬರುತ್ತಾನೆ. ಸಿಮೋನೆಯ ಮರಿಯ ಹೆಬ್ಬೆರಳಿನಿಂದ ಪುಟ ಹಿಡಿದು ಹಿಂದಕ್ಕೆ ಸರಿಯುತ್ತಾಳೆ. ಸಿಸ್ಟೀನ್ ಛಾವಣಿಯ ಯೆಶಾಯ ಬೆರಳು ತೆಗೆಯದೆ ತಲೆ ಮಾತ್ರ ಹೊರಳಿಸಿದ್ದಾನೆ. ಪಲೆರ್ಮೊದಲ್ಲಿರುವ ಅಂತೊನೆಲ್ಲೊ ದ ಮೆಸ್ಸೀನಾನ ಮರಿಯಳ ಚಿತ್ರದಲ್ಲಿ (ಸುಮಾರು 1475–76) ದೂತನೇ ಇಲ್ಲ. ಓದುಪೀಠದ ಮೇಲೆ ಎದ್ದ ಹಾಳೆ, ಮುಂದೆ ಚಾಚಿದ ಅಂಗೈ, ಇಷ್ಟರಲ್ಲೇ ಯಾರೋ ಬಂದದ್ದು ತಿಳಿಯುತ್ತದೆ. ದೂತನ ಜಾಗದಲ್ಲಿ ನಿಂತಿರುವವರು ನೀವು.

ಕ್ರಿಸ್ತನ ಕೈಯಲ್ಲಿ ನಮ್ಮ ಕಡೆಗೆ ತೆರೆದ ಪುಸ್ತಕವಿದ್ದರೆ ಅದು ಘೋಷಣೆ. "ಎಗೊ ಸುಂ ಲುಕ್ಸ್ ಮುಂದಿ" (ನಾನೇ ಲೋಕಕ್ಕೆ ಬೆಳಕು), ಅಥವಾ ಆಲ್ಫಾ, ಒಮೆಗಾ ಎಂಬ ಎರಡು ಗ್ರೀಕ್ ಅಕ್ಷರಗಳು ಅದರಲ್ಲಿರುತ್ತವೆ. ಏಳು ಮುದ್ರೆಗಳ ಮುಚ್ಚಿದ ಪುಸ್ತಕ ಬೈಬಲಿನ ಕೊನೆಯದಾದ ಪ್ರಕಟನೆ ಗ್ರಂಥದ 5ನೇ ಅಧ್ಯಾಯದ್ದು. ಆ ಗ್ರಂಥದಲ್ಲೇ ಇನ್ನೊಂದು ವಿಚಿತ್ರವುಂಟು: 10ನೇ ಅಧ್ಯಾಯದಲ್ಲಿ ದೂತ ಪುಸ್ತಕ ಕೊಟ್ಟು ತಿನ್ನು ಎನ್ನುತ್ತಾನೆ. ಡ್ಯೂರರ್ 1498ರ ಮರದಚ್ಚು ಸರಣಿಯಲ್ಲಿ ಆ ದರ್ಶನ ಕಂಡ ಯೋವಾನ್ನ ಪುಸ್ತಕವನ್ನು ನಿಜಕ್ಕೂ ಬಾಯಿಗಿಟ್ಟುಕೊಂಡಿದ್ದಾನೆ.

ಮಗು ಯೇಸು ಪುಟಗಳನ್ನು ಮುದುಡುತ್ತಿರುವುದೂ ಉಂಟು. ರೋಗಿಯರ್ ವ್ಯಾನ್ ಡರ್ ವೇಡೆನ್‌ನ ಡುರಾನ್ ಮಡೋನಾ (ಪ್ರಾಡೊ, ಮ್ಯಾಡ್ರಿಡ್) ನೋಡಿ. ಪುಟಗಳನ್ನು ಕೊನೆಯಿಂದ ಆದಿಗೆ, ಹವ್ವಳ ಕಥೆಯ ಕಡೆಗೆ ತಿರುಗಿಸುತ್ತಿದೆ ಎಂಬ ವ್ಯಾಖ್ಯಾನವಿದೆ. ಕೈಗೆ ಸಿಕ್ಕ ಪುಸ್ತಕವನ್ನು ಮಗು ಹಾಗೇ ಮಾಡುತ್ತದೆ ಎಂಬುದೂ ನಿಜ. ಒಳ್ಳೆಯ ಚಿತ್ರಕಾರ ಎರಡನ್ನೂ ಒಟ್ಟಿಗೆ ಸಾಧಿಸುತ್ತಾನೆ.

ಎಲ್ಲ ಸಂತರ ಕೈಯಲ್ಲೂ ಪುಸ್ತಕ. ಯಾರು ಯಾರೆಂದು ಹೇಗೆ ಗುರುತಿಸುವುದು?

ಪುಸ್ತಕವೊಂದರಿಂದ ಆಗುವುದಿಲ್ಲ, ಜೊತೆಗಿರುವ ಎರಡನೇ ವಸ್ತು ನೋಡಬೇಕು. ಸುವಾರ್ತೆಗಾರರಲ್ಲಿ ರೆಕ್ಕೆಯ ಮನುಷ್ಯ ಇದ್ದರೆ ಮತ್ತಾಯ, ಸಿಂಹ ಮಾರ್ಕ, ಎತ್ತು ಲೂಕ, ಹದ್ದು ಯೋವಾನ್ನ. ಪುಸ್ತಕ ಮತ್ತು ಕತ್ತಿ ಹಿಡಿದ ಗಡ್ಡದವನು ಪೌಲ, ಕೀಲಿಕೈ ಇದ್ದರೆ ಪೇತ್ರ. ಪುಸ್ತಕದ ಜೊತೆ ಮುರಿದ ಚಕ್ರವಿರುವವಳು ಅಲೆಕ್ಸಾಂಡ್ರಿಯಾದ ಕ್ಯಾಥರೀನ್. ಪುಸ್ತಕ, ಎದೆಯ ಮೇಲೆ ಸೂರ್ಯ, ಬಿಳಿ ಅಂಗಿಯ ಮೇಲೆ ಕಪ್ಪು ನಿಲುವಂಗಿ ಎಂದರೆ ತೋಮಸ್ ಅಕ್ವಿನಾಸ್. ಪೋಪನ ಕಿರೀಟ ಮತ್ತು ಕಿವಿಯ ಬಳಿ ಪಾರಿವಾಳ ಕಂಡರೆ ಗ್ರೆಗರಿ. ಪುಸ್ತಕದಲ್ಲಿ "ತಿಮೇತೆ ದೇಉಂ" (ದೇವರಿಗೆ ಭಯಪಡಿರಿ) ಎಂದಿದ್ದರೆ ವಿನ್ಸೆಂಟ್ ಫೆರ್ರೆರ್. ಬಿಸಿಲ ಕಿರಣಗಳ ನಡುವೆ ಐಎಚ್‌ಎಸ್ ಎಂದು ಬರೆದ ಹಲಗೆ ಹಿಡಿದ ಹಲ್ಲಿಲ್ಲದ ಮುದುಕ ಸಿಯೆನಾದ ಬರ್ನಾರ್ದಿನೊ (1380–1444).

ಕೆಂಪು ಟೋಪಿಯೂ ಸಿಂಹವೂ ಇದ್ದರೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್. ಕಾರ್ಡಿನಲ್ಲರ ಆ ಕೆಂಪು ಟೋಪಿ ಅವನ ಕಾಲದಲ್ಲಿ ಇರಲೇ ಇಲ್ಲ, ಆದರೂ ತಲೆಯ ಮೇಲೆ ಅಲ್ಲದಿದ್ದರೆ ಗೋಡೆಯ ಮೊಳೆಯ ಮೇಲಾದರೂ ಇರುತ್ತದೆ.

ಜೆರೋಮನ ಓದುಕೋಣೆಯಲ್ಲಿ ಅಷ್ಟೊಂದು ಸಾಮಾನು ಏಕೆ?

ಅದು ಸಂತನ ಚಿತ್ರವೂ ಹೌದು, ಆ ಕಾಲದ ವಿದ್ವಾಂಸರು ತಮಗೆ ಬೇಕೆಂದು ಬಯಸಿದ ಕೋಣೆಯ ಚಿತ್ರವೂ ಹೌದು. ಅಂತೊನೆಲ್ಲೊನ ಜೆರೋಮ್ (ನ್ಯಾಷನಲ್ ಗ್ಯಾಲರಿ, ಲಂಡನ್, ಸುಮಾರು 1475) ಬರೀ 46 × 36 ಸೆಂ.ಮೀ. ಹಲಗೆ. ಅಷ್ಟರಲ್ಲೇ ಮರದ ವೇದಿಕೆ, ಕಪಾಟು, ತೆರೆದಿಟ್ಟ ಪುಸ್ತಕಗಳು, ದೂರದ ನೆರಳಿನಲ್ಲಿ ಸಿಂಹ.

ಫ್ಲಾರೆನ್ಸಿನ ಓನ್ಯಿಸಾಂತಿ ಚರ್ಚಿಗೆ 1480ರಲ್ಲಿ ಗಿರ್ಲಾಂದಾಯೊ ಬರೆದ ಜೆರೋಮನ ಭಿತ್ತಿಚಿತ್ರ ಬರವಣಿಗೆಯ ಸಾಧನಗಳ ಪಟ್ಟಿಯಂತಿದೆ: ಮೇಜಿನ ಬದಿಗೆ ಮಸಿಕುಡಿಕೆಗಳು, ಅವುಗಳ ಕೆಳಗೆ ಮರದ ಮೇಲೆ ಇಳಿದ ಮಸಿಯ ಕಲೆ, ಕತ್ತರಿ, ನೇತುಹಾಕಿದ ಕನ್ನಡಕ, ಗ್ರೀಕ್ ಮತ್ತು ಹೀಬ್ರೂ ಬರಹದ ಕಾಗದ. ಕನ್ನಡಕ ಇಟಲಿಯಲ್ಲಿ ಹುಟ್ಟಿದ್ದು 13ನೇ ಶತಮಾನದ ಕೊನೆಗೆ, ಜೆರೋಮ್ ತೀರಿಕೊಂಡು ಎಂಟು ಶತಮಾನಗಳಾದ ಮೇಲೆ. ಎರಡು ಮೂಲಭಾಷೆಗಳಿಂದ ಕಣ್ಣು ಕೆಡುವಷ್ಟು ದುಡಿದ ಅನುವಾದಕ ಎಂಬುದನ್ನು ಇವೆಲ್ಲ ಸೇರಿ ಹೇಳುತ್ತವೆ.

ಅದೇ ಚರ್ಚಿನಲ್ಲಿ ಅದಕ್ಕೆ ಜೋಡಿಯಾಗಿ ಅದೇ ವರ್ಷ ಬೊತ್ತಿಚೆಲ್ಲಿ ಅಗಸ್ಟೀನನನ್ನು ಬರೆದ. ಅವನ ತಲೆಗಿಂತ ಎತ್ತರದಲ್ಲಿರುವ ತೆರೆದ ಪುಸ್ತಕದಲ್ಲಿ ಜ್ಯಾಮಿತಿಯ ಆಕೃತಿಗಳು, ನಡುನಡುವೆ ಗೀಚಿದ ಸಾಲುಗಳು. ಅವುಗಳಲ್ಲಿ ಕೆಲವು ಇಟಾಲಿಯನ್ನಿನಲ್ಲಿ ಹೀಗಿವೆ: ಫ್ರಾ ಮಾರ್ತೀನೊ ಎಲ್ಲಿ? ಓಡಿಹೋದ. ಎಲ್ಲಿಗೆ ಹೋದ? ಪ್ರಾತೊ ಊರಬಾಗಿಲಿನಾಚೆಗೆ. ಸಂತನ ಗ್ರಂಥದಲ್ಲಿ ಮಠದ ಯಾರೋ ಸನ್ಯಾಸಿಯ ಬಗ್ಗೆ ಹರಟೆ! ಕೆಳಗೆ ನಿಂತವರಿಗೆ ಕಾಣದು ಎಂಬ ಧೈರ್ಯವಿದ್ದಿರಬೇಕು. ಚಿತ್ರದ ಬರಹವನ್ನೆಲ್ಲ ಗೂಢಾರ್ಥವೆಂದು ಹಿಡಿದು ಕೂರುವವರು ಈ ಸಾಲನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಲ್ಯಾಟಿನ್ ಬಾರದವರು ಬರಹವನ್ನು ಬಿಡಿಸಿಕೊಳ್ಳುವುದು ಹೇಗೆ?

ಮೊದಲು ಕಾಣುವ ಅಕ್ಷರಗಳನ್ನಷ್ಟೇ ಕಾಗದಕ್ಕೆ ಇಳಿಸಿ. ಊಹಿಸಿದ್ದನ್ನು ಬೇರೆ ಗುರುತಿನಲ್ಲಿ ಬರೆಯಿರಿ. ಯು ಇರಬೇಕಾದಲ್ಲಿ ವಿ, ಜೆ ಇರಬೇಕಾದಲ್ಲಿ ಐ ಇರುತ್ತದೆ. ಪದಗಳ ನಡುವೆ ಜಾಗದ ಬದಲು ಚುಕ್ಕಿ ಇರಬಹುದು, ಸಾಲು ಮುಗಿದಲ್ಲಿ ಪದ ಯಾವ ಗುರುತೂ ಇಲ್ಲದೆ ತುಂಡಾಗಬಹುದು.

ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಇದ್ದರೆ ಏನೋ ಬಿಟ್ಟುಹೋಗಿದೆ ಎಂದರ್ಥ, ಸಾಮಾನ್ಯವಾಗಿ ಎಂ ಅಥವಾ ಎನ್, ಇಲ್ಲವೇ ಪದದ ಹೊಟ್ಟೆಯೇ. ಜಿಆರ್‌ಎ ಎಂದರೆ ಗ್ರಾತ್ಸಿಯಾ, ಡಿಎನ್‌ಐ ಎಂದರೆ ದೋಮಿನಿ, ಎಸ್‌ಸಿಎಸ್ ಎಂದರೆ ಸಾಂಕ್ತುಸ್ (ಸಂತ). ಎಲ್ಲರೂ ಎಡವುವುದು ಎಕ್ಸ್‌ಪಿಎಸ್ ಮತ್ತು ಐಎಚ್‌ಎಸ್‌ನಲ್ಲಿ. ಇವು ಲ್ಯಾಟಿನ್ ಅಕ್ಷರಗಳಂತೆ ಕಂಡರೂ ಮೂಲ ಗ್ರೀಕ್: ಎಕ್ಸ್ ಎಂಬುದು ಖೀ, ಪಿ ಎಂಬುದು ರೋ, ಎಚ್ ಎಂಬುದು ಈಟಾ. ಆದ್ದರಿಂದ ಒಂದು ಕ್ರಿಸ್ತ, ಇನ್ನೊಂದು ಯೇಸು.

ಎರಡು ಮೂರು ಪದ ಸಿಕ್ಕರೆ ಲ್ಯಾಟಿನ್ ಬೈಬಲಾದ ವಲ್ಗೇಟಿನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಪ್ರಾರ್ಥನೆ, ಸ್ತೋತ್ರಗಳಲ್ಲಿ ನೋಡಿ. ಆಧುನಿಕ ಭಾಷಾಂತರದಲ್ಲಿ ಹುಡುಕಿದರೆ ಸಮಯ ಹಾಳು.

ಇಸವಿ ಓದುವಾಗ 400ಕ್ಕೆ ನಾಲ್ಕು ಸಿ ಸಾಲಾಗಿ ಬರುತ್ತದೆ ಎಂಬುದು ತಿಳಿದಿರಲಿ. ಫ್ಲಾರೆನ್ಸಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಮಂಗಳವಾರ್ತೆಯ ಹಬ್ಬದಂದು. ಅದಕ್ಕೆ ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಖಾದರೆ ಅಲ್ಲಿ ಕಾಣುವ ಇಸವಿಗೆ ನಾವು ಒಂದು ಸೇರಿಸಿಕೊಳ್ಳಬೇಕು.

ಗೆಂಟ್ ಪೀಠಚಿತ್ರದ ಚೌಕಟ್ಟಿನಲ್ಲಿ ಕೆಂಪಕ್ಷರಗಳಲ್ಲಿ ಇಸವಿ ಅಡಗಿದೆ ಎನ್ನುತ್ತಾರೆ, ಹೇಗೆ?

ನಮ್ಮ ಶಾಸನಗಳಲ್ಲಿ ಪದಗಳಿಂದ ಶಕವರ್ಷ ಹೇಳುವುದನ್ನು ಕಂಡವರಿಗೆ ಇಂಥ ಲೆಕ್ಕ ಹೊಸದಲ್ಲ. ಇಲ್ಲಿ ಪದ್ಯದ ಕೊನೆಯ ಸಾಲಿನಲ್ಲಿ ರೋಮನ್ ಸಂಖ್ಯೆಯೂ ಆಗಬಲ್ಲ ಅಕ್ಷರಗಳನ್ನಷ್ಟೇ ಕೆಂಪು ಮಾಡಿದ್ದಾರೆ. ಎಂ ಒಂದು (1000), ಸಿ ಮೂರು (300), ಎಲ್ ಎರಡು (100), ಎಕ್ಸ್ ಒಂದು (10), ವಿ ನಾಲ್ಕು (20), ಐ ಎರಡು (2). ಕೂಡಿದರೆ 1432. ಸಾಲಿನ ಅರ್ಥದಲ್ಲೇ ಮೇ 6 ಎಂಬ ದಿನವೂ ಇದೆ. ಕೂಡುವಾಗ ತಪ್ಪುವುದು ಯು ಅಕ್ಷರದಲ್ಲಿ. ಅದನ್ನೂ ವಿ ಎಂದೇ ಎಣಿಸಬೇಕು.

ಕೆಲವು ಪುಸ್ತಕಗಳಲ್ಲಿ ಬರೀ ಗೀಚಿದ ಗೆರೆ. ಪ್ರಭಾವಳಿಯಲ್ಲಿ ಅರಬ್ಬಿಯಂತೆ ಕಾಣುವ ಅಕ್ಷರವೂ ಇದೆ. ಇವೇನು?

ಗೀಚಿದ ಗೆರೆಗೆ ಕಾರಣ ಹೆಚ್ಚಾಗಿ ಎತ್ತರ. ಸಿಸ್ಟೀನ್ ಛಾವಣಿ ನೆಲದಿಂದ ಸುಮಾರು 20 ಮೀಟರ್ ಮೇಲಿದೆ. ಅಲ್ಲಿ ಸಣ್ಣಕ್ಷರ ಬರೆದು ಯಾರಿಗೆ ಪ್ರಯೋಜನ?

ಅರಬ್ಬಿಯಂತಿರುವುದು ಬೇರೆ ವಿಷಯ. ಜೆಂತೀಲೆ ದ ಫಾಬ್ರಿಯಾನೊನ 1423ರ ಜ್ಞಾನಿಗಳ ಆರಾಧನೆ (ಉಫಿತ್ಸಿ) ಚಿತ್ರದಲ್ಲಿ ಮರಿಯಳ ಪ್ರಭಾವಳಿಯ ಸುತ್ತ ಇಂಥ ಬರಹ ಸ್ಪಷ್ಟವಾಗಿದೆ. ಈಜಿಪ್ಟ್, ಸಿರಿಯಾಗಳ ಮಾಮ್ಲೂಕ್ ಹಿತ್ತಾಳೆ ತಟ್ಟೆಗಳು, ಅಂಚಿನಲ್ಲಿ ಬರಹ ನೇಯ್ದ ರೇಷ್ಮೆ ಬಟ್ಟೆಗಳು ಇಟಲಿಯ ಪೇಟೆಗಳಿಗೆ ಬರುತ್ತಿದ್ದವು. ಚಿತ್ರಕಾರರು ಆ ಅಕ್ಷರಗಳ ಚೆಲುವನ್ನು ತೆಗೆದುಕೊಂಡರು. ಯೇಸು ಓಡಾಡಿದ ಪೂರ್ವದ ನಾಡಿನ ಬರಹ ಎಂಬ ಪಾವಿತ್ರ್ಯವೂ ಅದಕ್ಕೆ ಅಂಟಿತ್ತು. ಅದು ಬಹುಪಾಲು ಅಕ್ಷರದ ವೇಷ, ಓದಲು ಏನೂ ಇರುವುದಿಲ್ಲ. ಮಸಾಚ್ಚೊನ 1422ರ ಸಾನ್ ಜೊವೆನಾಲೆ ತ್ರಿಫಲಕದ ಪ್ರಭಾವಳಿಯಲ್ಲಿ ಇಸ್ಲಾಮಿನ ನಂಬಿಕೆಯ ಘೋಷವಾದ ಶಹಾದಾ ಹಿಂದುಮುಂದಾಗಿ ಇದೆ ಎಂಬ ಮಾತು ಅಂತರ್ಜಾಲದಲ್ಲಿ ನಿಶ್ಚಿತ ಸಂಗತಿಯಂತೆ ಓಡಾಡುತ್ತದೆ. ಅದು ಎಲ್ಲರೂ ಒಪ್ಪಿದ ಓದಲ್ಲ.

ಚಿತ್ರ ನೋಡುವವರಿಗೇ ನೇರವಾಗಿ ಬರೆದ ಮಾತುಗಳಿವೆಯೇ?

ಇವೆ, ಕೆಲವು ಗದರಿಸುತ್ತವೆ ಕೂಡ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವ ಫ್ರಾ ಆಂಜೆಲಿಕೊನ ಮಂಗಳವಾರ್ತೆಯಲ್ಲಿ ಮರಿಯಳ ಬಳಿ ಪುಸ್ತಕವಿಲ್ಲ. ಬದಲಿಗೆ ಚಿತ್ರದ ಬುಡದಲ್ಲಿ ಒಂದು ಸಾಲಿದೆ: ಕನ್ಯೆಯ ಈ ಚಿತ್ರದ ಮುಂದೆ ಹಾದುಹೋಗುವಾಗ "ನಮೋ" ಎನ್ನುವುದನ್ನು ಮರೆಯದಂತೆ ಎಚ್ಚರವಿರಲಿ. ಓದುವ ಕೆಲಸ ಆಕೆಯಿಂದ ಮಠದ ಸನ್ಯಾಸಿಗಳಿಗೆ ದಾಟಿದೆ. ದಿನವೂ ಅದೇ ದಾರಿಯಲ್ಲಿ ಕೋಣೆಗೆ ಹೋಗುತ್ತಿದ್ದವರು ಅವರೇ.

ಅದೇ ಊರಿನ ಸಾಂತಾ ಮರಿಯ ನೊವೆಲ್ಲಾ ಚರ್ಚಿನಲ್ಲಿ ಮಸಾಚ್ಚೊನ ತ್ರಿತ್ವದ ಚಿತ್ರದ (ಸುಮಾರು 1427) ಕೆಳಗೆ ಅಸ್ಥಿಪಂಜರವಿದೆ. ಅದರ ಮೇಲಿನ ಮಾತು: ನೀವು ಈಗಿರುವಂತೆ ನಾನೂ ಇದ್ದೆ, ನಾನಿರುವಂತೆ ನೀವೂ ಆಗುವಿರಿ. ಇದು ಲ್ಯಾಟಿನ್ನಿನಲ್ಲಿಲ್ಲ, ಊರಿನ ಆಡುಮಾತಿನಲ್ಲಿದೆ. ಪಾದ್ರಿಗಷ್ಟೇ ಅರ್ಥವಾದರೆ ಆ ಮಾತಿಗೆ ಬೆಲೆಯಿಲ್ಲ.

ಶಿಲುಬೆಯ ಮೇಲಿನ ಐಎನ್‌ಆರ್‌ಐ ಎಂದರೇನು?

ಯೇಸುಸ್ ನಜರೇನುಸ್ ರೆಕ್ಸ್ ಯುದೇಯೋರುಂ, ಎಂದರೆ ನಜರೇತಿನ ಯೇಸು, ಯೆಹೂದ್ಯರ ಅರಸ. ಯೋವಾನ್ನನ ಸುವಾರ್ತೆ 19:20ರ ಪ್ರಕಾರ ಫಲಕ ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರರಲ್ಲೂ ಇತ್ತು. ಮೂರನ್ನೂ ಬರೆದ ಚಿತ್ರವೆಂದರೆ ಮೂಲಭಾಷೆಗಳ ಬಗ್ಗೆ ಕಾಳಜಿ ಇದ್ದ ವಾತಾವರಣದ್ದು. 1492ರಲ್ಲಿ ರೋಮಿನ ಸಾಂತಾ ಕ್ರೋಚೆ ಇನ್ ಜೆರುಸಲೆಮ್ಮೆ ಚರ್ಚಿನಲ್ಲಿ ಮೂಲ ಫಲಕವೆಂದು ನಂಬಲಾದ ಹಲಗೆ ಸಿಕ್ಕಿದ ಮೇಲೆ ಈ ಕುತೂಹಲ ಇನ್ನೂ ಹೆಚ್ಚಿತು.

ಲೂಥರನ ನಂತರ ಏನು ಬದಲಾಯಿತು?

ಲೂಥರ್ ಪೋಪರ ಅಧಿಕಾರವನ್ನು ಪ್ರಶ್ನಿಸಿ ಬೈಬಲನ್ನು ಜರ್ಮನ್ನಿಗೆ ತಂದ ಸುಧಾರಕ. ಅವನ ನಂತರ ಬರಹ ದೊಡ್ಡದಾಯಿತು, ಓದಲು ಬರುವಂತಾಯಿತು, ಜನರ ಭಾಷೆಗೆ ಬಂತು. ಡ್ಯೂರರ್ 1526ರಲ್ಲಿ ನ್ಯೂರೆಂಬರ್ಗ್ ನಗರಸಭೆಗೆ ಕೊಟ್ಟ ನಾಲ್ವರು ಅಪೊಸ್ತಲರ ಚಿತ್ರ ಎರಡು ಹಲಗೆಗಳದ್ದು, ಒಂದೊಂದೂ ಸುಮಾರು 215 × 76 ಸೆಂ.ಮೀ. ಯೋವಾನ್ನ ಹಿಡಿದ ಪುಸ್ತಕದಲ್ಲಿ ಅವನ ಸುವಾರ್ತೆಯ ಮೊದಲ ಸಾಲುಗಳು ಜರ್ಮನ್ನಿನಲ್ಲಿವೆ. ಕೀಲಿ ಹಿಡಿದ ಪೇತ್ರ ಹಿಂದೆ ನಿಂತು ಬಗ್ಗಿ ಅದನ್ನು ಓದುತ್ತಿದ್ದಾನೆ. ರೋಮಿನ ಪೋಪರು ತಮ್ಮ ಮೂಲಪುರುಷ ಎನ್ನುವವನು ಹಿಂದೆ, ಪುಸ್ತಕ ಮುಂದೆ!

ಹಲಗೆಗಳ ಬುಡದಲ್ಲಿ ಅವರ ನಾಲ್ವರ ಬರಹಗಳಿಂದ ಆಯ್ದ ಭಾಗಗಳು ಲೂಥರನ ಅನುವಾದದಲ್ಲಿವೆ. ಮನುಷ್ಯರ ದಾರಿತಪ್ಪಿಸುವ ಮಾತನ್ನು ದೇವರ ವಾಕ್ಯವೆಂದು ಹಿಡಿಯಬೇಡಿ ಎಂದು ಆಳುವವರಿಗೆ ಎಚ್ಚರಿಕೆಯೂ ಇದೆ. ಕನ್ನಡದಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಇಲ್ಲಿ ಎರಡಕ್ಕೂ ಬೇರೆ ಬೇರೆ ಕೈ. ಅಕ್ಷರ ಬರೆದವನು ಆ ಊರಿನ ಲಿಪಿಕಾರ ಯೋಹಾನ್ ನಾಯ್‌ಡ್ಯೋರ್ಫರ್. 1627ರಲ್ಲಿ ಚಿತ್ರ ಕ್ಯಾಥೊಲಿಕ್ ದೊರೆ ಬವೇರಿಯಾದ ಮ್ಯಾಕ್ಸಿಮಿಲಿಯನ್‌ಗೆ ಹೋದಾಗ ಬರಹದ ಭಾಗವನ್ನು ಗರಗಸದಿಂದ ಕೊಯ್ದು ನ್ಯೂರೆಂಬರ್ಗಿಗೆ ವಾಪಸು ಕಳಿಸಿದರು. ಮತ್ತೆ ಜೋಡಿಸಿದ್ದು 1922ರಲ್ಲಿ, ಮ್ಯೂನಿಕ್ಕಿನಲ್ಲಿ. ಬರಹ ಅಲಂಕಾರವಷ್ಟೇ ಆಗಿದ್ದರೆ ಗರಗಸದ ಅಗತ್ಯ ಬೀಳುತ್ತಿರಲಿಲ್ಲ.

ಮರಿಯ ಬರೆಯುತ್ತಿರುವ ಚಿತ್ರವೂ ಇದೆಯೇ?

ಬೊತ್ತಿಚೆಲ್ಲಿಯ ಮಾಗ್ನಿಫಿಕಾತ್ ಮಡೋನಾ (ಉಫಿತ್ಸಿ, 1480ರ ದಶಕದ ಆರಂಭ) ಇದೆ. ಸುಮಾರು 118 ಸೆಂ.ಮೀ. ವ್ಯಾಸದ ದುಂಡು ಹಲಗೆ. ಆಕೆ ಗರಿಯ ಲೇಖನಿಯನ್ನು ಮಸಿಕುಡಿಕೆಗೆ ಅದ್ದುತ್ತಿದ್ದಾಳೆ, ದೂತರು ಕುಡಿಕೆಯನ್ನೂ ಪುಸ್ತಕವನ್ನೂ ಹಿಡಿದಿದ್ದಾರೆ, ಮಗುವಿನ ಒಂದು ಕೈ ಆಕೆಯ ತೋಳಿನ ಮೇಲಿದೆ. ಬಲಪುಟದಲ್ಲಿ ಆಕೆಯದೇ ಕೀರ್ತನೆ (ಲೂಕ 1:46ರಿಂದ), ಎಡಪುಟದಲ್ಲಿ ಜೆಕರ್ಯನ ಕೀರ್ತನೆ (ಲೂಕ 1:68ರಿಂದ). ಓದುವ ಮರಿಯಳ ಚಿತ್ರಗಳಿಗೆ ಲೆಕ್ಕವಿಲ್ಲ, ಬರೆಯುವ ಮರಿಯ ಅಪರೂಪ.

ಕಲ್ಲಿನ ಅಂಚಿಗೆ ಅಂಟಿಸಿದಂತಿರುವ ಪುಟ್ಟ ಕಾಗದದ ಚೂರು ಏನು?

ಚಿತ್ರಕಾರನ ಸಹಿ, ಇಟಾಲಿಯನ್ನಿನಲ್ಲಿ ಕಾರ್ತೆಲ್ಲೀನೊ. ಅಂತೊನೆಲ್ಲೊ 1465ರ ರಕ್ಷಕ ಕ್ರಿಸ್ತನ ಚಿತ್ರದಲ್ಲಿ, ವೆನಿಸಿನ ಜೊವಾನ್ನಿ ಬೆಲ್ಲೀನಿ ಹಲವು ಚಿತ್ರಗಳಲ್ಲಿ ಬಳಸಿದ್ದಾರೆ. ಮಡಿಕೆಯ ಗುರುತು, ಸುಲಿದ ಮೂಲೆ ಸಹಿತ ನಿಜವಾದ ಕಾಗದದಂತೆಯೇ ಕಾಣುತ್ತದೆ. ಬೆಲ್ಲೀನಿಯ ಕಾರ್ಯಾಗಾರದಿಂದ ಹೊರಬಿದ್ದ, ಶಿಷ್ಯರ ಕೈಯ ಚಿತ್ರಗಳ ಮೇಲೂ ಅವನ ಹೆಸರಿರುವುದರಿಂದ ಸಹಿಯೊಂದನ್ನೇ ನಂಬಿ ಕೈ ಯಾರದೆಂದು ಹೇಳಲಾಗದು. ಫಿಲಿಪ್ಪೊ ಲಿಪ್ಪಿಯಂತೂ ಬರ್ಲಿನ್ನಿನಲ್ಲಿರುವ ಕಾಡಿನ ಆರಾಧನೆಯ ಚಿತ್ರದಲ್ಲಿ ಕೊಡಲಿಯ ಹಿಡಿಯ ಮೇಲೆ ಹೆಸರು ಬರೆದುಕೊಂಡಿದ್ದಾನೆ.

ಸರಸ್ವತಿಯ ಕೈಯ ಪುಸ್ತಕದಂತೆ ಇದನ್ನೂ ತಿಳಿಯಬಹುದೇ?

ಭಾಗಶಃ ಮಾತ್ರ. ಸರಸ್ವತಿಯ ಕೈಯ ಓಲೆಗ್ರಂಥ ಅವಳು ಯಾರೆಂದು ಹೇಳುತ್ತದೆ. ಅದರ ಯಾವ ಗರಿ ಬಿಚ್ಚಿದೆ ಎಂದು ಯಾರೂ ಕೇಳುವುದಿಲ್ಲ. ಅಪೊಸ್ತಲರ ಮುಚ್ಚಿದ ಪುಸ್ತಕಗಳಿಗೆ ಈ ಹೋಲಿಕೆ ಸರಿಹೊಂದುತ್ತದೆ. ಮಂಗಳವಾರ್ತೆಯ ಪುಸ್ತಕಕ್ಕೆ ಹೊಂದದು, ಅಲ್ಲಿ ಯಾವ ಪುಟ ಎಂಬುದೇ ಮುಖ್ಯ.

ಇವನ್ನು ಕರ್ನಾಟಕದಿಂದಲೇ ನೋಡುವುದು ಹೇಗೆ?

ಗೆಂಟ್ ಪೀಠಚಿತ್ರಕ್ಕೆ "ಕ್ಲೋಸರ್ ಟು ವ್ಯಾನ್ ಐಕ್" ಎಂಬ ಉಚಿತ ಜಾಲತಾಣವಿದೆ. ಅಕ್ಷರದೊಳಗಿನ ಬಿರುಕಿನವರೆಗೂ ಹತ್ತಿರ ಹೋಗಬಹುದು. ವಾಷಿಂಗ್ಟನ್ ಮತ್ತು ಲಂಡನ್ನಿನ ನ್ಯಾಷನಲ್ ಗ್ಯಾಲರಿಗಳ ತಾಣಗಳಲ್ಲೂ ಹಿಗ್ಗಿಸಿ ನೋಡುವ ಸೌಲಭ್ಯವಿದೆ. ಸಾಮಾಜಿಕ ಜಾಲತಾಣದಲ್ಲಿ ಸಿಕ್ಕ ಚಿತ್ರದಿಂದ ಬರಹ ಓದಲು ಹೋಗಬೇಡಿ. ಅಂಚು ಕತ್ತರಿಸಿರುತ್ತಾರೆ, ಚೌಕಟ್ಟು ಬಿಟ್ಟಿರುತ್ತಾರೆ, ಎಷ್ಟೋ ಸಲ ಎಡಬಲ ಅದಲುಬದಲಾಗಿರುತ್ತದೆ.

ಕಣ್ಣಾರೆ ನೋಡಬೇಕೆಂದರೆ ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಜೆಸ್ವಿಟ್ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಬಂದು ಬರೆದ ಚಿತ್ರಗಳವು, ಆದ್ದರಿಂದ ರಿನೈಸಾನ್ಸ್ ಅಲ್ಲ. ಆದರೆ ಇಟಲಿಯ ಅದೇ ಪರಂಪರೆಯಲ್ಲಿ ಕಲಿತ ಕೈ, ಗೋಡೆಯಲ್ಲಿ ಹಸಿಗಾರೆಯ ಮೇಲೆ ಬರೆದದ್ದು, ಛಾವಣಿಯಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಒಂದು ಸಣ್ಣ ದುರ್ಬೀನು ಜೊತೆಗಿರಲಿ. ಕತ್ತು ನೋಯುವ ಮೊದಲು ಛಾವಣಿ ಮುಗಿಸಿ, ಗೋಡೆಗಳನ್ನು ಆಮೇಲೆ ನೋಡಿ.